ಹನ್ನೊಂದನೇ ಟ್ಯಾಂಕು

ಫುಜೈರಾದ ಹನ್ನೊಂದನೇ ಟ್ಯಾಂಕಿನ ಬಾಯಲ್ಲಿ
ಸ್ಟೂಲು ಹಾಕಿ ಕೂರುವುದು ನನ್ನ ಕೆಲಸ.
ಒಳಗಿಳಿದವರ ಹೆಸರು ಪಟ್ಟಿಯಲ್ಲಿ.
ಹತ್ತು ನಿಮಿಷಕ್ಕೊಮ್ಮೆ ಕೂಗಬೇಕು,
ಅವರು ಓ ಅನ್ನಬೇಕು.
ಅನ್ನದಿದ್ದರೆ ಸೈರನ್ನು.
ಇಷ್ಟೇ. ಇದಕ್ಕೆ ಸಂಬಳ.

ಮೊದಲು ನಾನೂ ಒಳಗಿನವನೇ.
ತೊಂಬತ್ತೇಳರ ಆಗಸ್ಟು, ತಳದ ಕೆಸರು ಬಳಿಯುತ್ತಿದ್ದೆವು.
ಹೊರಗೆ ಬೊನಿಫಾಸ್,
ಕೂಗಿ ಕೂಗಿ ಗಂಟಲು ಬಿದ್ದು
ನಡುನಡುವೆ ಟೇಪು ಹಾಕುತ್ತಿದ್ದ.
ಕವರಿಲ್ಲದ ಕ್ಯಾಸೆಟ್ಟು, ಯಾರ ಹಾಡೋ, ಯಾವ ದೇಶವೋ.
ಗಿಟಾರು ತಗಡಿಗೆ ಬಡಿದು ಸುತ್ತುಹಾಕಿ
ಬೆನ್ನ ಹಿಂದಿನಿಂದ ಬರುತ್ತಿತ್ತು,
ಡ್ರಮ್ಮು ಅಂಗಾಲಿನಿಂದ.
ಆಮೇಲೆ ಆ ಮನುಷ್ಯ ಎದೆ ಹರಿದುಕೊಂಡು
ಒಂದೇ ಮಾತು ಕೂಗುತ್ತಿದ್ದ:
ಇರು.
ಇರು.

ಆ ವಾರವೇ ಗಂಗೊಳ್ಳಿಯಿಂದ ಫೋನು ಬಂದಿತ್ತು,
ದೋಣಿ ಸಿಕ್ಕಿದೆ, ತಮ್ಮ ಸಿಕ್ಕಿಲ್ಲ.
ಏಣಿ ಹತ್ತಿ ಮೇಲೆ ಬರುವುದೇ ಬೇಡವೆನಿಸಿತ್ತು.
ಇಂಗ್ಲಿಷಿನವನಿಗೆ ಕನ್ನಡ ಹೇಗೆ ಬಂತು,
ಕೇಳಲಿಲ್ಲ ನಾನು.
ಪಾತ್ರಿಯ ಮೈಮೇಲೆ ಬಂದ ಮಾತು
ಯಾವ ಶಾಲೆಯಲ್ಲಿ ಕಲಿತದ್ದೆಂದು ಯಾರಾದರೂ ಕೇಳುತ್ತಾರೆಯೇ?
ಇದ್ದೆ.

ಕಳೆದ ಫೆಬ್ರವರಿ ಅವರೇ ಬಂದರು, ದುಬೈಗೆ.
ಇನ್ನೂರ ತೊಂಬತ್ತೈದು ದಿರ್ಹಮ್, ನಿಲ್ಲುವ ಜಾಗ,
ಜೊತೆಗೆ ರೋಡೆಲ್.
ಹಾಡುವವನಿಗೀಗ ಬೋಳುತಲೆ, ಮೊಣಕಾಲಿಗೆ ಪಟ್ಟಿ,
ಮೇಲಿನ ಸ್ವರ ಬಂದರೆ ಮೈಕು ನಮ್ಮತ್ತ ತಿರುಗಿಸುತ್ತಾನೆ.
ಕೂಗಿದೆ ನಾನು, ಇರು ಎಂದು, ಕುತ್ತಿಗೆಯ ನರ ಉಬ್ಬಿಸಿ.

ರೋಡೆಲ್ ನಕ್ಕ. ಭಾಯ್, ಅದು ಜೀರೋ.
ರಾಕೆಟ್ಟು ಹಾರಿಸುವ ಹಾಡು.
ಹತ್ತು, ಒಂಬತ್ತು, ಎಂಟು,
ಕೊನೆಗೆ ಜೀರೋ.

ಸೊನ್ನೆ.
ಇಪ್ಪತ್ತೇಳು ವರ್ಷ ಮಲಗುವ ಮುಂಚೆ
ಬಂಕಿನ ಮೇಲೆ ಕೂತು ಸೊನ್ನೆಗೆ ಕೈಮುಗಿದೆನೇ?

ಸುತ್ತ ಎಂಟು ಸಾವಿರ ಬಾಯಿ.
ಪಕ್ಕದಲ್ಲಿ ಈಜಿಪ್ಟಿನ ಹುಡುಗಿಯೊಬ್ಬಳು
ಕಣ್ಣುಮುಚ್ಚಿ ಅಳುತ್ತಿದ್ದಳು,
ಅವಳಿಗೆ ಏನು ಕೇಳಿಸಿತೋ.
ಮುಂದಿನ ಸುತ್ತಿಗೆ ತುಟಿ ಬಿಗಿದೆ.
ಅದರ ಮುಂದಿನದಕ್ಕೆ ಆಗಲಿಲ್ಲ,
ಬಾಯಿ ತಾನಾಗಿ ತೆರೆಯಿತು.
ಏನೆಂದು ಕೂಗಿದೆನೋ
ಆ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ.

ಬೆಳಿಗ್ಗೆ ಆರಕ್ಕೆ ಡ್ಯೂಟಿ.
ಗೇಟಿನಲ್ಲಿ ಕಟ್ಟಿದ ಕಾಗದದ ಪಟ್ಟಿ
ಗ್ಲೋವಿನೊಳಗೆ ಬೆವರಿ ಕೈಗಂಟಿದೆ,
ಹರಿದಿಲ್ಲ.

ಇಮ್ತಿಯಾಜ್?
ಓ.
ಪೆಂಬಾ?
ಓ.
ಚೆನ್ನವೀರ?

ನನ್ನ ದನಿಯೇ ಸುತ್ತುಹಾಕಿ ಮರಳಿತು ಮೊದಲು.
ಕೈ ಸೈರನ್ನಿನ ಮೇಲೆ.
ಆಮೇಲೆ, ತಡವಾಗಿ, ಕೆಮ್ಮಿನ ಜೊತೆ,
ಓ.