ಹಣಿಗಿ ಬಾಗಲ

ಸೊಸೈಟಿಯಿಂದ ನೂಲು ತುಂಬಿ ಬಂದ ಕಟಗಿ ಪೆಟಗಿ,
ಅದಕ್ಕ ನನ್ನ ಸವದ ಹಣಿಗಿ ಮೂರು ತುಂಡು ಮಾಡಿ
ಬಾಗಲ ಹಚ್ಚಿಕೊಟ್ಟ ಬಡಿಗೇರ ಮೌನೇಶ.
"ಬನಶಂಕರವ್ವ, ಇದು ನಾಯಿಗೂಡೋ, ಮಗ್ಗದ ಮರಿಯೋ?"
ರೊಕ್ಕ ಮುಟ್ಟಲಿಲ್ಲ.
ಉಳಿದ ಮೊಳಿ ಮಾತ್ರ ಎಣಿಸಿ ಕಿಸೆದಾಗ ಹಾಕ್ಕೊಂಡ.

ಮರಿ ಹೆಸರು ಲಾಳಿ.
ಈ ಗ್ವಾಡಿಯಿಂದ ಆ ಗ್ವಾಡಿಗೆ ಒಂದ ಸಮ ಓಡತಿತ್ತು, ಅದಕ್ಕ.
ಬಂದ ಮೂರು ದಿನದಾಗ
ಐದು ಕಂಡಿಕಿ, ಒಂದು ಚಪ್ಪಲಿ,
ಪಾಸ್‌ಬುಕ್ಕಿನ ಒಂದು ಮೂಲಿ,
ಆಮ್ಯಾಲ ಹಾಸಿಗೇ ಬಾಯಿ ಹಾಕಿ
ಹನ್ನೊಂದು ಎಳಿ ಹರದು
ನನ್ನ ಅರ್ಧ ದಿನ ತಿಂತು.

ಗದಗಿನ ದನದ ದವಾಖಾನಿಯೊಳಗ ದುಡಿಯೋ
ತಂಗಿ ಮಗ ಸಂಕಪ್ಪ ಹೇಳಿದ:
ಮೊದಲ ಬಾಗಲ ತೆರದ ಇಡು, ದೊಡ್ಡವ್ವ.
ರೊಟ್ಟಿ ಚೂರು ಒಳಗ ಒಗಿ, ಮರೀನ ನೂಕಬ್ಯಾಡ.
ಸಿಟ್ಟಿನ್ಯಾಗಂತೂ ಹಾಕಲೇಬ್ಯಾಡ, ಅದೇನು ಜೇಲಲ್ಲ.
ಉಂಡ ಕೂಡಲೆ ಹೊರಗ ಒಯ್ಯಿ,
ಉಚ್ಚಿ ಹೊಯ್ದರ ಮಗ ಪಾಸಾದಂಗ ಹೊಗಳು.
ಹೊಚ್ಚಲ ದಾಟೋವಾಗ ತಿರುಗಿ ಇನ್ನೊಂದು ಮಾತು:
ಅಳುವಾಗ ತೆರೀಬ್ಯಾಡ.
ಅಳು ನಿಂತಾಗ ತೆರಿ.

ಮೊದಲನೇ ದಿನ ಮೂತಿ ಅಷ್ಟ ಒಳಗ,
ಹಿಂದಿನ ಕಾಲು ನೆಲಕ್ಕ ಬೇರು ಬಿಟ್ಟಿದ್ದುವು.
ರೊಟ್ಟಿ ಕಚ್ಚಿ ಹೊರಗ ತಂದು ತಿಂತು.
ಮರುದಿನ ಹೊಟ್ಟಿತನಕ.
ನನ್ನ ಮೈವಾಸನಿ ಹಿಡದ ಸೀರಿ ತುಂಡು ಹಾಸಿದೆ,
ಬಾಲ ಸೈತ ಹೋತು.
ಚಿಲಕ ಹಾಕಿ ಎಣಿಸಿದೆ:
ಇಪ್ಪತ್ತು ಲಾಳಿ ದಾಟೋ ಹೊತ್ತು. ತೆಗದೆ.
ಆಮ್ಯಾಲ ನಲವತ್ತು.
ನನ್ನ ಹಂತೇಕ ಬ್ಯಾರೆ ಗಡಿಯಾರ ಇಲ್ಲ.

ರಾತ್ರಿ ಅತ್ತಿತು.
ಸಣ್ಣ ಎಳಿ, ಅರವತ್ತನೇ ನಂಬರಿನ ನೂಲಿನಂಥ ಅಳು,
ಎಲ್ಲೂ ಹರೀಲಿಲ್ಲ.
ನಮ್ಮನಿಯವರು ಮಗ್ಗಲಾ ಹೊರಳಿದರು:
"ಅದನ್ನರ ಬಿಡು, ಇಲ್ಲಾ ನಾನರ ಒಳಗ ಹೋಗಿ ಮಲಗತೀನಿ."

ನನಗ ಆಗ ಹನ್ನೊಂದು ವರ್ಷ.
ಅಪ್ಪ ಕುಣಿಮಗ್ಗಕ್ಕ ಇಳಿಸಿದ ದಿವಸ
ಕೈಯಾಗ ಶೇಂಗಾ ಉಂಡಿ ಇಟ್ಟಿದ್ದ.
ಅವನೂ ನೂಕಿರಲಿಲ್ಲ.
ಕಾಲಮಣಿ ಕಾಲಿಗೆ ಎಟುಕಲಿಲ್ಲ,
ಇಟ್ಟಂಗಿ ತಂದು ಕೂಡಸಿದ.
ಬಾಜೂ ಓಣಿಯಾಗ ಸಾಲಿ ಗಂಟಿ ಹೊಡೀತು.
ಅತ್ತಿದ್ದೆನೋ ಇಲ್ಲೋ, ನೆನಪಿಲ್ಲ.
ಉಂಡಿ ಸಿಹಿ ಇತ್ತು, ಅದು ನೆನಪೈತಿ.
ಸಿಟ್ಟು ಬರೋದು ಅದಕ್ಕ.

ಎದ್ದು ದೀಪ ಹಚ್ಚಿದೆ.
ಬಾಗಲ ತೆರೀಲಿಲ್ಲ.
ನಡುರಾತ್ರಿ ಕುಣಿಗೆ ಇಳದು ನೇಯಾಕ ಕುಂತೆ.
ಖಟ್ ಖಟ್. ಎಂಟನೇ ಲಾಳಿಗೆ ಅಳು ತುಂಡಾತು.
ಹಣಿಗಿ ಸಂದಿಯೊಳಗ ಎರಡು ಕಣ್ಣು.
ಎಷ್ಟು ಸೀರಿ ಎಳಿ ದಾಟಿದ ಸಂದಿ ಅದು,
ಈಗ ದೀಪ, ಗ್ವಾಡಿ, ನಾನು
ಪಟ್ಟಿ ಪಟ್ಟಿಯಾಗಿ ಆ ಕಡೆ ಹೊಂಟಿದ್ವಿ.
ಒಮ್ಮೆ ಆಕಳಿಸಿತು.
ಅಳು ನಿಂತೈತಲ್ಲ, ಹೋಗಿ ತೆರದೆ.
ಹೊರಗ ಬರಲಿಲ್ಲ. ನಿದ್ದಿ ಹತ್ತಿತ್ತು.
ನನಗ ಮಾತ್ರ ಬೆಳಗಿನತನಕ ಹತ್ತಲಿಲ್ಲ,
ಒಂದು ಮೊಳ ಸೀರಿ ಆತು.

ಈಗ ತಿಂಗಳಾತು.
ಮಗ್ಗದ ಸಪ್ಪಳ ಕೇಳಿದರ ಸಾಕು, ತಾನ ಹೋಗಿ
ಮೂರು ಸುತ್ತು ಹಾಕಿ ಧಪ್ ಅಂತ ಬೀಳತೈತಿ.
ಚಿಲಕಕ್ಕ ಕೆಲಸಿಲ್ಲ. ಕೀಳಿಸಿಲ್ಲ ಆದರೂ,
ಕರ ವಸೂಲಿಯವ ಬಂದಾಗ ಬೇಕಾಗತೈತಿ.

ನಿನ್ನೆ ಮಧ್ಯಾಹ್ನ ನಾ ಕುಣಿಯೊಳಗ, ಅದು ಹೊರಗ.
ಎಲ್ಲಿಂದಲೋ ಒಂದು ಒಣ ರೊಟ್ಟಿ ಚೂರು ತಂದು
ಕುಣಿ ದಂಡಿ ಮ್ಯಾಲ ಇಟ್ಟು
ಎರಡು ಹೆಜ್ಜಿ ಹಿಂದ ಸರದು ಕುಂತಿತು.
"ತಡಿಯವ್ವಾ," ಅಂದೆ, "ಇನ್ನ ನಾಕು ಲಾಳಿ."
ಹೆಸರು ಕೇಳಿ ಬಾಲ ಬಡೀತು.