ಬಟ್ಟಲಿಗೆ ಹಿಡಿಸುವಷ್ಟು

ಮಿಸೌರಿಯ ದಕ್ಷಿಣಕ್ಕೆ, ಸುಣ್ಣಕಲ್ಲಿನ ಗುಡ್ಡಗಳ ನಡುವೆ
ವರ್ನಾ ಅತ್ತೆಯ ಅಡುಗೆಮನೆ.
ಹಿಟ್ಟು ತೂಗುವ ತಕ್ಕಡಿಯ ಮೇಲೆ
ಹಳೇ ಟವಲು ಮಡಿಸಿ ಹಾಸಿ
ಒಂದೊಂದೇ ಯಾರ್ಕಿ ಮರಿಯನ್ನು ಕೂರಿಸುತ್ತಾಳೆ.
ಮುಳ್ಳು ನಡುಗುತ್ತದೆ. ಮರಿಯೂ.
"ಹನ್ನೊಂದು ಔನ್ಸು," ಅನ್ನುತ್ತಾಳೆ,
"ಬರಕೋ, ಟೀಕಪ್."

ಬರೆಯುವವಳು ನಾನು.
ಶಾಲೆ ಬಿಟ್ಟು ಬಂದು ಮೇಜಿನ ತುದಿಗೆ ಕೂತು
ಜಾಹೀರಾತಿಗೆ ಮಾತು ಹೊಸೆಯುವ ಕೆಲಸ,
ಮರಿಯೊಂದಕ್ಕೆ ಐದು ಡಾಲರು.
ಹದಿನೈದಿದ್ದರೆ ಟೈನಿ ಟಾಯ್,
ಹದಿಮೂರಾದರೆ ಪಾಕೆಟ್,
ಅದಕ್ಕೂ ಕಮ್ಮಿ ಟೀಕಪ್,
ಟೀಕಪ್ಪಿಗೂ ಕೆಳಗೆ ಮೈಕ್ರೋ.
ಕೆಳಗಿಳಿದಷ್ಟೂ ಬೆಲೆ ಮೇಲೇರುವ ಏಣಿ.
ಪಕ್ಕದ ಕೌಂಟಿಯ ಡೋರೀನ್ ಪ್ರುವೆಟ್
ತನ್ನ ಶಿತ್ಸುಗಳಿಗೆ ಇಂಪೀರಿಯಲ್ ಅಂತ ಹಾಕಿದ್ದಾಳೆ.
ಸಾಮ್ರಾಜ್ಯ, ನೋಡಿ,
ಬ್ರೆಡ್ಡಿನ ಡಬ್ಬದಲ್ಲಿ ಮಲಗಿದೆ.

ನಮ್ಮ ಮನೆಯಲ್ಲಿ ಟೀ ಕುಡಿಯುವವರಿಲ್ಲ.
ಕಪ್ಪು ಇರುವುದು ಒಂದೇ,
ಚರ್ಚಿನ ಹಳೇಸಾಮಾನು ಮಾರಾಟದಲ್ಲಿ
ಫೋಟೋಕ್ಕೆಂದೇ ಕೊಂಡದ್ದು.
ಮರಿಗಳು ಸರದಿಯ ಮೇಲೆ ಅದರೊಳಗೆ ಕೂತು
ಸರದಿಯ ಮೇಲೆ ಉಚ್ಚೆ ಹೊಯ್ಯುತ್ತವೆ.

"ಯಾರಿಟ್ಟ ಅಳತೆ ಅತ್ತೆ ಇವೆಲ್ಲ?"
ಕೇಳಿದ್ದೆ ಒಮ್ಮೆ.
ತಳಿಯ ಪುಸ್ತಕದಲ್ಲಿ ಇರುವುದು ಒಂದು ಸಾಲು:
ಏಳು ಪೌಂಡು ಮೀರಕೂಡದು.
ಕಪ್ಪಿಲ್ಲ, ಜೇಬಿಲ್ಲ, ಚಕ್ರವರ್ತಿಯಿಲ್ಲ.
ಅವಳು ಜೋಳದ ಪಾಕದಲ್ಲಿ ಬೆರಳದ್ದಿ
ಕೊನೇ ಮರಿಯ ಒಸಡಿಗೆ ಸವರುತ್ತಿದ್ದಳು.
ಒಂದು ಹೊತ್ತಿನ ಹಾಲು ತಪ್ಪಿದರೆ ಸಾಕು
ಕಣ್ಣು ಮೇಲೆ ಮಾಡಿಬಿಡುವ ಜೀವ.
"ಕೊಳ್ಳೋರು ಇಟ್ಟದ್ದು," ಅಂದಳು,
"ನಾವು ಬರೆದದ್ದು."

ಅದರ ನೆತ್ತಿ ಮುಟ್ಟಿ ನೋಡು ಅಂದಳು.
ಮುಟ್ಟಿದೆ. ಮೂಳೆ ಕೂಡಿರಲಿಲ್ಲ.
ಬೆರಳಿನಡಿ ಏನೋ ಮಿಡಿಯಿತು,
ಕೆನೆಯ ಕೆಳಗೆ ಹಾಲು ಅಲುಗಿದ ಹಾಗೆ.
ಇದನ್ನು ಏನಂತ ಬರೀಲಿ?
"ಬರೀಬೇಡ."
ಆಮೇಲೆ, ಕೈ ತೊಳೆಯುತ್ತ,
"ಗೊಂಬೆಮುಖ ಅಂತ ಬರಿ."

ಅಜ್ಜನ ಕಾಲಕ್ಕೆ ಈ ಷೆಡ್ಡಿನಲ್ಲಿ ಹಂದಿಗಳಿದ್ದವಂತೆ.
ಹನ್ನೆರಡರಲ್ಲಿ ಕೊನೆಯದು, ಮೊಲೆ ಸಿಗದೆ ಬಡಕಲಾದದ್ದು,
ಅದಕ್ಕೆ ಹೆಸರಿರಲಿಲ್ಲ, ಬೆಲೆಯೂ.
ಅಜ್ಜ ಹಿಂಗಾಲು ಹಿಡಿದೆತ್ತಿ ಗೋಡೆಯ ಹಿಂದೆ ಹೋದವನು
ಬರಿಗೈಲಿ ಬರುತ್ತಿದ್ದ.
ಏಳು ವರ್ಷದ ವರ್ನಾ ಅಂಥದೊಂದನ್ನು
ಕೋಟಿನ ಜೇಬಿನಲ್ಲಿ ಬಚ್ಚಿಟ್ಟು
ಮೂರು ದಿನ ಸಾಕಿದ್ದಳಂತೆ.
ನಾಲ್ಕನೇ ದಿನದ ಮಾತು ಹೇಳಲಿಲ್ಲ.
ಪಾಕೆಟ್ ಎಂದು ಬರೆಯುವಾಗೆಲ್ಲ
ನನಗೆ ಆ ಜೇಬಿನ ಕತ್ತಲೆ.

ನವೆಂಬರಿನಲ್ಲಿ ಟಲ್ಸಾದಿಂದ ಒಂದು ಕಾರು ಬಂತು.
ಹೋದ ವರ್ಷ ಮೈಕ್ರೋ ಅಂತ ನಾನೇ ಬರೆದ ಹೆಣ್ಣುಮರಿ;
ಮೂರೂವರೆ ಸಾವಿರ ತೆತ್ತಿದ್ದ ಶ್ರೀಮತಿ ಕ್ವಾರ್ಲ್ಸ್
ಬಾಗಿಲಲ್ಲಿ ನಿಂತು ಹೇಳಿದ ದೂರು ಒಂದೇ:
"ಬೆಳೆದುಬಿಟ್ಟಿದೆ."
ಗುಲಾಬಿ ಕೈಚೀಲದ ಬಾಯಿಂದ
ಅರ್ಧ ನಾಯಿ ಹೊರಗಿತ್ತು,
ಚೀಲವೇ ಅದನ್ನು ಈಯುತ್ತಿರುವ ಹಾಗೆ.
ಅತ್ತೆ ವಾದಿಸಲಿಲ್ಲ.
ಕಾಫಿ ಡಬ್ಬದಿಂದ ನೋಟು ತೆಗೆದು ಎಣಿಸಿದಳು,
ಒಮ್ಮೆ, ಮತ್ತೊಮ್ಮೆ.
ಕಾರು ಜಲ್ಲಿ ಸಿಡಿಸಿಕೊಂಡು ಹೋಯಿತು.

ತಕ್ಕಡಿಗೆ ಹಾಕಿದೆವು.
ಮುಳ್ಳು ಐದು ಪೌಂಡಿನ ಗಡಿಗೆ ಹೋಗಿ
ಬಡಿದು ನಿಂತಿತು.
ಹಿಟ್ಟಿನ ತಕ್ಕಡಿಯ ಲೋಕ ಅಲ್ಲಿಗೇ ಮುಗಿಯುತ್ತದೆ.
ನಾಯಿ ತಾನೇ ಧುಮುಕಿ, ಬೆಕ್ಕಿನ ತಟ್ಟೆ ನೆಕ್ಕಿ,
ಅಂಗಳದ ಹುಲ್ಲಲ್ಲಿ ಹೊರಳಿ,
ತನಗಿಂತ ದಪ್ಪದ ಕೋಳಿಯೊಂದನ್ನು
ಬೇಲಿಯ ತನಕ ಅಟ್ಟಿತು.

"ಏನಂತ ಬರೀಲಿ?"
ಅತ್ತೆ ಕಿಟಕಿಯ ಬಳಿ ನಿಂತಿದ್ದಳು,
ಒಂದು ಕೈ ಏಪ್ರನ್ನಿನ ಜೇಬಿನೊಳಗೆ,
ಏನನ್ನೋ ಹಿಡಿದುಕೊಂಡವಳ ಹಾಗೆ.
"ಆ ಪಾಕ ಇತ್ತ ತಾ," ಅಂದಳು, ತಿರುಗದೆ.
ಒಲೆಯ ಪಕ್ಕ, ಬುಟ್ಟಿಯಲ್ಲಿ,
ಹನ್ನೊಂದು ಔನ್ಸು ಅಳತೊಡಗಿತ್ತು.