ನಲವತ್ತೆರಡನೇ ಮಡಿ

ಮಂಡಿಪೇಟೆಯ ಗುಜರಿಯಲ್ಲಿ ಕಿಲೋ ಲೆಕ್ಕಕ್ಕೆ ಸಿಕ್ಕಿತಂತೆ.
ಹಾಲಪ್ಪ ನಾಯಕರು ತಂದು ಮೇಜಿನ ಮೇಲಿಟ್ಟರು:
ಕೆಂಪು ರಟ್ಟು, ಮುರಿದ ಬೆನ್ನು,
ಒಳಗೆಲ್ಲ ಜರ್ಮನಿಯ ರಾಜಕುಮಾರರು.
"ಗಟ್ಟಿಯಾಗಿ ಹೊಲಿಯಮ್ಮ, ಶುಕ್ರವಾರ ಬರ್ತೀನಿ.
ಅವರೂ ನಮ್ಮ ಹಾಗೇ, ರಾಜ್ಯ ಹೋದೋರು."

ಮೂವತ್ತೊಂದು ವರ್ಷ ಮಧುಗಿರಿ ಡಿಪೋದಲ್ಲಿ
ಬಸ್ಸು ಬಿಟ್ಟ ಹೊತ್ತು ಬರೆದುಕೊಂಡವರು.
ಕರೆಕಲ್ಲು ಪಾಳೆಯಗಾರರ ಕುಡಿ.
ಕೋಟೆಯೆಂದರೆ ಈಗ ಎರಡು ಬತೇರಿ, ಒಂದು ದೊಣೆ.

ಚಿಕ್ಕಪೇಟೆಯ ಓಣಿಯಲ್ಲಿ ನನ್ನ ಬೈಂಡಿಂಗ್ ಅಂಗಡಿ.
ಮೈದಾ ಅಂಟು, ಮೈಲುತುತ್ತ, ದಬ್ಬಳ, ಕೋರಾ ಬಟ್ಟೆ.
ಜರ್ಮನ್ ಬರುವುದಿಲ್ಲ ನನಗೆ.
ಪುಟ ಬಿಡಿಸಿದರೆ ಬರೀ ಗೆರೆ,
ಒಂದರಿಂದ ಮೂರು, ಮೂರರಿಂದ ಹನ್ನೊಂದು.
ನಕ್ಷತ್ರವೆಂದರೆ ಹುಟ್ಟು, ಶಿಲುಬೆಯೆಂದರೆ ಸಾವು,
ಒಂದರೊಳಗೊಂದು ಸಿಕ್ಕಿದ ಉಂಗುರ ಮದುವೆ.
ಯಾರೂ ಹೇಳಿಕೊಡಲಿಲ್ಲ.
ನಾನು ಹೆಳವರ ಮನೆಯವಳು.

ಸುಗ್ಗಿ ಮುಗಿದ ಮೇಲೆ ಅಪ್ಪ ಎತ್ತೇರಿ
ಶಿರಾ ಸೀಮೆಯ ಊರೂರು ಸುತ್ತುತ್ತಿದ್ದ.
ಗಂಟೆ ಬಾರಿಸಿ, ಜಗಲಿಯ ಮುಂದೆ, ಕೂತಲ್ಲಿಂದಲೇ:
ನಿಮ್ಮ ಮೂಲಪುರುಷ ಇಂಥವನು, ಇಂಥ ಕಡೆಯಿಂದ ಬಂದ,
ಅವನಿಗೆ ಐವರು, ನಡುವಿನವನು ನಿಮ್ಮಜ್ಜನ ಅಜ್ಜ...
ಒಂದು ಉಸಿರಿಗೆ ಏಳು ತಲೆ.
ಸಿಗುತ್ತಿದ್ದದ್ದು ಮೊರದ ತುಂಬ ರಾಗಿ, ಹಳೇ ತಪ್ಪಲೆ,
ಒಮ್ಮೆ ಒಂದು ಕರು.

ಅಕ್ಷರ ಕೂಡಿಸಿ ಕೂಡಿಸಿ ಹೆಸರು ಓದಿದೆ.
ಒಂದು ಮನೆತನ,
ರಾಜ್ಯ ಕೊರಟಗೆರೆ ತಾಲ್ಲೂಕಿನಷ್ಟಿತ್ತೋ ಇಲ್ಲವೋ,
ಹುಟ್ಟಿದ ಗಂಡೆಲ್ಲ ಹೈನ್ರಿಶ್.
ಹೈನ್ರಿಶ್ ಏಳು, ಹೈನ್ರಿಶ್ ಹತ್ತೊಂಬತ್ತು.
ನಮ್ಮ ದೊರೆಗಳಿಗೆ ಇಮ್ಮಡಿ, ಮುಮ್ಮಡಿಗೇ ಏದುಸಿರು,
ಅಲ್ಲಿ ನಲವತ್ತೆರಡನೇ ಮಡಿ!
ಉಣ್ಣಲು ಕರೆದರೆ ಎಷ್ಟು ಜನ ಎದ್ದು ಬರುತ್ತಿದ್ದರೋ.
ನಾನೂ ಮಡಿಸುವವಳೇ. ಹದಿನಾರು ಪುಟಕ್ಕೆ ಮೂರು ಮಡಿಕೆ,
ಮೇಲೆ ಮಡಿಸಿದರೆ ಕಾಗದ ಸೆಟೆಯುತ್ತದೆ.

ಅಣ್ಣತಮ್ಮಂದಿರು ಬೇರೆಯಾದದ್ದು ಗೆರೆಯಲ್ಲೇ ಕಾಣುತ್ತದೆ.
ನಾಲ್ಕು ತಲೆ ದಾಟಿ
ಅಣ್ಣನ ಕಡೆಯ ಹುಡುಗನಿಗೆ ತಮ್ಮನ ಕಡೆಯ ಹುಡುಗಿ,
ಒಡೆದ ಸೀಮೆ ಕೂಡಿಸಲೋ, ಪ್ರೀತಿಗೋ.
ಹೋದ ಗೆರೆ ತಿರುಗಿ ಬಂದು ತನಗೇ ಗಂಟು ಬಿದ್ದಿದೆ.
ಒಂದೇ ಬೆಡಗು, ಬೇಡ ಅನ್ನಲು
ಬಾಗಿಲಿಗೆ ಹೆಳವ ಬಂದಿರಲಿಲ್ಲ.

ಇನ್ನೊಂದು ಪುಟ. ೧೯೧೪.
ಒಬ್ಬ ಅಜ್ಜಿಯ ಐವರು ಮೊಮ್ಮಕ್ಕಳು, ಐದು ಶಿಲುಬೆ.
ನಾಲ್ವರು ಗಂಡುಮಕ್ಕಳ ಮಕ್ಕಳು,
ಒಬ್ಬ ಮಗಳ ಮಗ,
ಹೆಸರು ಎಡ್ಮಂಡ್, ಇಂಗ್ಲಿಷರವನೇ ಇರಬೇಕು.
ಯಾರ ಗುಂಡು ಯಾರಿಗೆ ಎಂದು ಗೆರೆ ಹೇಳುವುದಿಲ್ಲ.
ಅಜ್ಜಿಗೂ ಶಿಲುಬೆ, ಮರುವರ್ಷ ಮಾರ್ಚಿನಲ್ಲಿ.

ಅಪ್ಪ ಹೆಣ್ಣುಮಕ್ಕಳ ಹೆಸರು ಹೇಳುತ್ತಿರಲಿಲ್ಲ.
ಬೇಲಿ ದಾಟಿದ ಬಳ್ಳಿ, ಕಾಯಿ ಬೇರೆಯವರದು, ಅನ್ನುತ್ತಿದ್ದ.
ಇಲ್ಲಿ ಬರೆದಿದ್ದಾರೆ. ಮದುವೆಯಾದರೆ ಒಂದು ಬಾಣ, ಇಂಥ ಪುಟ ನೋಡಿ ಎಂದು.
ಅಮಾಲಿಯಾ ಎಂಬವಳ ಹಿಂದೆ ಹೋದೆ:
ಇನ್ನೂರ ಹನ್ನೆರಡು, ಅಲ್ಲಿ ಗಂಡ ತೀರಿಕೊಂಡ,
ಮತ್ತೆ ಉಂಗುರ, ಐವತ್ತೆಂಟು.
ಐವತ್ತೆಂಟನ್ನು ಗೆದ್ದಲು ತಿಂದಿದೆ.
ಶಿಲುಬೆಯೂ ಇಲ್ಲದೆ ಅಮಾಲಿಯಾ ಅಲ್ಲೇ ಎಲ್ಲೋ.

ಗುರುವಾರ ರಾತ್ರಿ ಬೆನ್ನು ಹೊಲಿಯುವಾಗ
ಸಣ್ಣೀರಮ್ಮ ನೆನಪಾದಳು, ನನ್ನ ಸೋದರತ್ತೆ.
ಅಪ್ಪನಿಗೆ ಚಳಿಜ್ವರ ಬಂದ ವರ್ಷ
ತಾನೇ ಎತ್ತು ಹೊಡೆದುಕೊಂಡು ಪಟ್ಟನಾಯಕನಹಳ್ಳಿಯವರೆಗೆ ಹೋಗಿ
ಎಂಬತ್ತು ಮನೆಯ ವಂಶ ಹೇಳಿಬಂದವಳು.
ಒಂದು ಕಡೆಯೂ ತಪ್ಪಲಿಲ್ಲ ನಾಲಿಗೆ.
ನಮ್ಮ ಮನೆಯ ವಂಶ ನನಗೆ ಬಾಯಿಪಾಠ:
ಏಳು ತಲೆ, ಕೊನೆಗೆ ನನ್ನ ತಮ್ಮ.
ಅವಳಿಲ್ಲ.

ಬೆನ್ನಿಗೆ ಅಂಟಿಸುವ ಪಟ್ಟಿಯ ಒಳಮೈಗೆ
ಪೆನ್ಸಿಲಿನಲ್ಲಿ ಒಂದು ನಕ್ಷತ್ರ, ಅವಳ ಹೆಸರು.
ಇಸವಿ ಗೊತ್ತಿಲ್ಲ, ಖಾಲಿ ಬಿಟ್ಟೆ.
ಶಿಲುಬೆ ಬರೆಯಲು ಹೋಗಿ, ನಮ್ಮದಲ್ಲವೆಂದು,
ಒಂದು ಗಂಟೆ ಬರೆದೆ.
ಅಂಟು ಹಚ್ಚುವಾಗ ಸ್ವಲ್ಪ ಕದಡಿತು.

ಶುಕ್ರವಾರ ಹಾಲಪ್ಪ ನಾಯಕರು
ಪುಸ್ತಕ ಮೂಸಿದರು, ತೆರೆದರು, ಮುಚ್ಚಿದರು.
"ಬೆನ್ನು ದಪ್ಪ ಆಯ್ತಲ್ಲಮ್ಮ?"
"ಒಂದು ಪದರ ಜಾಸ್ತಿ ಹಾಕಿದೀನಿ, ಬಾಳಿಕೆಗೆ" ಎಂದೆ.
ಹತ್ತು ರೂಪಾಯಿ ಹಿಡಿದುಕೊಂಡೇ ಕೊಟ್ಟರು.